ತೂಕಕ್ಕೆ ಬಾರದ ಸಾಮಾನು

ರಮಜಾನ್ ತಿಂಗಳು ಹತ್ತಿರ ಬಂತೆಂದರೆ ಕಲಬುರಗಿಯ ಮೋಮಿನಪುರದಲ್ಲಿ ಮನೆಯೊಳಗಿನ ಸಾಮಾನೆಲ್ಲ ಒಮ್ಮೆ ಅಂಗಳಕ್ಕೆ ಬರುತ್ತದೆ. ಸಂದೂಕಗಳು ತೆರೆಯುತ್ತವೆ, ಅಟ್ಟ ಖಾಲಿಯಾಗುತ್ತದೆ, ಗಾದಿಗಳು ಬಿಸಿಲು ಕಾಯಲು ಮಾಳಿಗೆ ಏರುತ್ತವೆ. ಇದೇ ಊರಿನ ಬ್ರಹ್ಮಪುರದಲ್ಲಿ, ಶಹಾಬಜಾರದಲ್ಲಿ ಈ ಕೆಲಸ ಮಹಾನವಮಿಯ ಮುಂಚೆ ನಡೆಯುತ್ತದೆ. ಹೊರಬಂದ ಸಾಮಾನಿನಲ್ಲಿ ಒಂದಿಷ್ಟು ಒರೆಸಿಕೊಂಡು ಮರಳಿ ಒಳಗೆ ಹೋಗುತ್ತದೆ. ಉಳಿದದ್ದು ಬಾಗಿಲ ಬಳಿ ಗುಡ್ಡೆಯಾಗಿ ಗುಜರಿಯವನ ಕೂಗಿಗೆ ಕಾಯುತ್ತದೆ.

ಕೈಗಾಡಿ ತಳ್ಳಿಕೊಂಡು ಬರುವ ಆತನ ಜಾಣ್ಮೆಯನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ಕಿಸೆಯಲ್ಲೊಂದು ಚಿಕ್ಕ ಅಯಸ್ಕಾಂತ ಇರುತ್ತದೆ. ಕಬ್ಬಿಣ ಅದಕ್ಕೆ ಅಂಟುತ್ತದೆ, ಹಿತ್ತಾಳೆ, ತಾಮ್ರ, ಅಲ್ಯುಮಿನಿಯಂ ಅಂಟುವುದಿಲ್ಲ. ನಿಕ್ಕಲ್ ಬೆರೆತ ಒಳ್ಳೆಯ ಸ್ಟೀಲ್ ಕೂಡ ಅಂಟುವುದಿಲ್ಲ, ಏಕೆಂದರೆ ನಿಕ್ಕಲ್ ಸೇರಿದಾಗ ಕಬ್ಬಿಣದ ಪರಮಾಣುಗಳ ಜೋಡಣೆಯೇ ಬದಲಾಗುತ್ತದೆ. ನಿಕ್ಕಲ್ ಇಲ್ಲದ ಅಗ್ಗದ ಸ್ಟೀಲ್ ತಟ್ಟೆ ಪಟಕ್ಕನೆ ಹಿಡಿದುಕೊಳ್ಳುತ್ತದೆ. ರದ್ದಿ ಒಂದು ಕಡೆ, ರಟ್ಟು ಒಂದು ಕಡೆ, ಗಟ್ಟಿ ಪ್ಲಾಸ್ಟಿಕ್ಕು, ತೆಳು ಪ್ಲಾಸ್ಟಿಕ್ಕು ಬೇರೆ ಬೇರೆ. ಪ್ರಯೋಗಾಲಯದ ವಿದ್ಯಾರ್ಥಿ ಪುಸ್ತಕ ನೋಡಿ ಮಾಡುವ ವರ್ಗೀಕರಣವನ್ನು ಈತ ಕೈಯಿಂದ ಮುಟ್ಟಿಯೇ ಮುಗಿಸುತ್ತಾನೆ. ನಮ್ಮ ಊರುಗಳಲ್ಲಿ ಲೋಹವೂ ಕಾಗದವೂ ಕಸದ ಗುಡ್ಡಕ್ಕೆ ಸೇರದೆ ಕುಲುಮೆಗೂ ಕಾಗದದ ಗಿರಣಿಗೂ ಮರಳುತ್ತಿವೆ ಎಂದರೆ ಅದಕ್ಕೆ ಮೊದಲ ಕಾರಣ ಇವರು. ಅಲ್ಯುಮಿನಿಯಂ ಒಂದನ್ನೇ ತೆಗೆದುಕೊಳ್ಳಿ. ಅದಿರಿನಿಂದ ಹೊಸದಾಗಿ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಶೇಕಡಾ 5ರಷ್ಟಿದ್ದರೆ ಹಳೆಯ ಡಬರಿಯನ್ನು ಕರಗಿಸಿ ಮತ್ತೆ ಲೋಹ ಮಾಡಬಹುದು.

ಆದರೆ ಗುಡ್ಡೆಯ ತಳದಲ್ಲಿ ಕೆಲವು ವಸ್ತುಗಳು ಉಳಿಯುತ್ತವೆ. "ಇದು ತೂಕಕ್ಕ ಬರಲ್ಲ ಆಪಾ, ಇದಕ್ಕ ರೇಟ್ ಇಲ್ಲ" ಎಂದು ಆತ ಅವನ್ನು ಪಕ್ಕಕ್ಕೆ ಸರಿಸುತ್ತಾನೆ. ಸುಟ್ಟುಹೋದ ಟ್ಯೂಬ್‌ಲೈಟು, ಹಳೇ ಥರ್ಮಾಮೀಟರು, ರಿಮೋಟಿನ ಸೆಲ್ಲು, ಅವಧಿ ಮುಗಿದ ಮಾತ್ರೆ, ಸೀಳಿದ ಫೋಮ್ ದಿಂಬು. ತಕ್ಕಡಿ ಹೇಳುವುದು ಬೆಲೆಯನ್ನು. ಅಪಾಯವನ್ನು ಅಳೆಯುವ ತಕ್ಕಡಿ ಓಣಿಗೆ ಬರುವುದಿಲ್ಲ. ಬೆಲೆಯಿಲ್ಲದ ಈ ಚಿಕ್ಕ ಗುಂಪಿನಲ್ಲಿ ಏನಿದೆ, ಬೆಲೆ ಇದ್ದೂ ತಪ್ಪು ದಾರಿ ಹಿಡಿಯುವ ವಸ್ತುಗಳು ಯಾವುವು ಎಂದು ನೋಡಲು ಸ್ವಲ್ಪ ರಸಾಯನಶಾಸ್ತ್ರ ಬೇಕು. ಅದಕ್ಕೆ ಮೊದಲು, ನಮ್ಮ ಹಿರಿಯರು ದಾರಿ ಕಂಡುಕೊಂಡಿದ್ದ ಒಂದು ವಸ್ತುವಿನಿಂದ ಹೊರಡೋಣ.

ಬಟ್ಟೆ. ಹತ್ತಿ ಈ ನೆಲಕ್ಕೆ ಹಳೆಯ ನಂಟು. ನಿಜಾಮರ ಕಾಲದಲ್ಲಿ ಹುಟ್ಟಿ ಈಗ ಮುಚ್ಚಿಹೋಗಿರುವ ಮಹಬೂಬ್ ಶಾಹಿ ಗಿರಣಿಯ ಹೆಸರನ್ನು ಊರಿನ ಎಂ.ಎಸ್.ಕೆ. ಮಿಲ್ ಪ್ರದೇಶ ಇನ್ನೂ ಉಳಿಸಿಕೊಂಡಿದೆ. ಒಂದು ಕಿಲೋ ಹತ್ತಿ ಬಟ್ಟೆಯ ಹಿಂದೆ ಜಗತ್ತಿನ ಸರಾಸರಿ ಲೆಕ್ಕದಲ್ಲಿ ಸುಮಾರು 10,000 ಲೀಟರ್ ನೀರು ಇರುತ್ತದೆ. ಮಳೆಯದ್ದು, ಬಾವಿಯದ್ದು, ಕಾಲುವೆಯದ್ದು ಎಲ್ಲ ಸೇರಿ. ಬೇಸಿಗೆಯಲ್ಲಿ ಬೆಣ್ಣೆತೊರಾ ಜಲಾಶಯದ ಮಟ್ಟ ಎಷ್ಟಿದೆ ಎಂದು ಪತ್ರಿಕೆಯಲ್ಲಿ ಹುಡುಕುವ ಊರಿನಲ್ಲಿ ಈ ಸಂಖ್ಯೆಯನ್ನು ಹಗುರವಾಗಿ ಓದಲಾಗದು.

ಹಳೆಯ ಬಟ್ಟೆಯನ್ನು ಯಂತ್ರದಲ್ಲಿ ಹರಿದು ಮತ್ತೆ ನೂಲು ಮಾಡುವ ಉದ್ಯಮ ಹರಿಯಾಣದ ಪಾಣಿಪತದಲ್ಲಿ ದೊಡ್ಡದಾಗಿ ಬೆಳೆದಿದೆ. ಉಣ್ಣೆಯ ಚಿಂದಿ ಅಲ್ಲಿ ಕಂಬಳಿಯಾಗುತ್ತದೆ. ಆದರೆ ಹರಿಯುವ ಯಂತ್ರ ಎಳೆಯನ್ನು ತುಂಡರಿಸುತ್ತದೆ. ಒಳ್ಳೆಯ ಹತ್ತಿಯ ಎಳೆ 25ರಿಂದ 30 ಮಿಲಿಮೀಟರ್ ಉದ್ದ ಇರುತ್ತದೆ. ಒಮ್ಮೆ ಹರಿದ ಮೇಲೆ ಅದು ಗಿಡ್ಡವಾಗಿ, ಹೊಸ ಎಳೆ ಬೆರೆಸದೆ ಗಟ್ಟಿ ನೂಲಾಗುವುದಿಲ್ಲ. ಇನ್ನು ಈಗಿನ ಬಹುಪಾಲು ಅಂಗಿಗಳು ಹತ್ತಿ ಮತ್ತು ಪಾಲಿಯೆಸ್ಟರಿನ ಬೆರಕೆ. ಒಂದು ಸಸ್ಯದ ಸೆಲ್ಯುಲೋಸು, ಇನ್ನೊಂದು ಪೆಟ್ರೋಲಿಯಮ್ಮಿನಿಂದ ಬಂದ ಪ್ಲಾಸ್ಟಿಕ್ಕು. ಒಂದೇ ನೂಲಿನಲ್ಲಿ ಹೊಸೆದುಕೊಂಡ ಇವೆರಡನ್ನು ಬಿಡಿಸುವುದು ದುಬಾರಿ ಕೆಲಸ.

ನಮ್ಮ ಹಿರಿಯರ ಕೌದಿ ಈ ತೊಡಕನ್ನು ಮುಟ್ಟುವುದೇ ಇಲ್ಲ. ಎಳೆಯನ್ನು ಅದು ಹರಿಯುವುದಿಲ್ಲ, ಬೆರಕೆಯನ್ನು ಬಿಡಿಸುವುದಿಲ್ಲ. ಸೀರೆ, ಧೋತರ, ಮಕ್ಕಳ ಅಂಗಿ ಯಾವುದಾದರೂ ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಸೂಜಿ ಓಡಿಸುತ್ತಾರೆ. ಬಟ್ಟೆ ಸವೆಯುವುದು ಎಲ್ಲ ಕಡೆ ಒಂದೇ ಸಮನಲ್ಲ. ಸೀರೆಯ ಅಂಚು ಹೋದಾಗ ಮೈ ಗಟ್ಟಿ ಇರುತ್ತದೆ, ಅಂಗಿಯ ಕಾಲರು ಹೋದಾಗ ಬೆನ್ನು ಗಟ್ಟಿ ಇರುತ್ತದೆ. ಒಂದರ ದುರ್ಬಲ ಜಾಗದ ಮೇಲೆ ಇನ್ನೊಂದರ ಬಲವಾದ ಜಾಗ ಬಂದು ಕೂರುತ್ತದೆ. ಒತ್ತೊತ್ತಾದ ಹೊಲಿಗೆ ಎಳೆತದ ಭಾರವನ್ನು ಒಂದೇ ಕಡೆ ಬೀಳಗೊಡದೆ ಸಾವಿರ ಗಂಟುಗಳಿಗೆ ಹಂಚುತ್ತದೆ. ಪದರಗಳ ನಡುವೆ ಸಿಕ್ಕಿಕೊಂಡ ನಿಶ್ಚಲ ಗಾಳಿ ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಬಿಸಿಲು ಮತ್ತು ಒಗೆತದಿಂದ ಸೆಲ್ಯುಲೋಸಿನ ಉದ್ದ ಸರಪಳಿಗಳು ತುಂಡಾಗಿ ಬಟ್ಟೆ ಮೆತ್ತಗಾಗಿರುವುದೂ ಇಲ್ಲಿ ಲಾಭವೇ. ಕೂಸನ್ನು ಮಲಗಿಸಲು ಹೊಸ ಬಟ್ಟೆಗಿಂತ ಹಳೆಯ ಸೀರೆಯ ಕೌದಿ ಹಿತ. ಓಣಿ ಓಣಿಗೆ ಬಂದು ಕೌದಿ ಹೊಲಿದುಕೊಡುತ್ತಿದ್ದ ಹೆಣ್ಣುಮಕ್ಕಳು ಈಗ ಅಪರೂಪ. ಅವರ ಕೈಕೆಲಸಕ್ಕೆ ನ್ಯಾಯವಾದ ಕೂಲಿ ಕೊಟ್ಟು ಉಳಿಸಿಕೊಳ್ಳುವುದು ಕರಕುಶಲ ಪ್ರೇಮದ ಮಾತಷ್ಟೇ ಆಗಬಾರದು. ಪಾಲಿಯೆಸ್ಟರ್ ಬೆರಕೆಗೆ ಇಷ್ಟು ಅಗ್ಗದ, ಇಷ್ಟು ನಿರಪಾಯಕಾರಿ ದಾರಿ ನನಗೆ ಇನ್ನೊಂದು ಕಂಡಿಲ್ಲ.

ಗಾದಿಯ ಕಥೆಯೂ ಹಾಗೆಯೇ. ಹತ್ತಿಯ ಗಾದಿ ವರ್ಷಗಳ ಭಾರಕ್ಕೆ ಕುಸಿದು ಗಂಟುಗಟ್ಟಿದಾಗ ಅದನ್ನು ಯಾರೂ ಎಸೆಯುತ್ತಿರಲಿಲ್ಲ. ಪಿಂಜಾರರು, ನದಾಫರು ಎಂದು ಕರೆಸಿಕೊಳ್ಳುವ ಸಮುದಾಯದ ಕಸುಬುದಾರರು ಬಿಲ್ಲು ಹಿಡಿದು ಬರುತ್ತಿದ್ದರು. ಮರದ ಕೊಡತಿಯಿಂದ ಹೆದೆಗೆ ಬಡಿದರೆ ಅದರ ಕಂಪನ ಒತ್ತಿ ಕೂತ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಗಾಳಿ ತುಂಬುತ್ತಿತ್ತು, ಧೂಳು ಉದುರುತ್ತಿತ್ತು. ಈಗ ಅದೇ ಕೆಲಸವನ್ನು ಮೋಟರಿನ ಯಂತ್ರ ಮಾಡುತ್ತದೆ. ಗಾದಿ ಮೆತ್ತಗಿರುವುದು ಎಳೆಗಳ ನಡುವಿನ ಗಾಳಿಯಿಂದ. ಗಾಳಿ ಹೋದರೆ ಮತ್ತೆ ತುಂಬಿದರಾಯಿತು, ಹತ್ತಿ ಹಾಗೇ ಇರುತ್ತದೆ.

ಫೋಮ್ ಗಾದಿಗೆ ಈ ಸೌಲಭ್ಯ ಇಲ್ಲ. ಅದು ಪಾಲಿಯುರಿಥೇನ್. ಕಾರ್ಖಾನೆಯಲ್ಲಿ ಎರಡು ದ್ರವಗಳು ಸೇರಿ ನೊರೆಯುಕ್ಕಿ ಗಟ್ಟಿಯಾಗುವಾಗ ಅದರ ಅಣುಸರಪಳಿಗಳು ಒಂದಕ್ಕೊಂದು ಅಡ್ಡಡ್ಡ ಬೆಸೆದುಕೊಳ್ಳುತ್ತವೆ. ಹಂಚಿನ ಮೇಲೆ ಬೆಂದ ಜೋಳದ ರೊಟ್ಟಿಯನ್ನು ಮತ್ತೆ ಹಿಟ್ಟು ಮಾಡಲಾಗದ ಹಾಗೆ ಇದನ್ನು ಕರಗಿಸಿ ಹೊಸ ರೂಪಕ್ಕೆ ತರಲಾಗದು. ಸುಟ್ಟರೆ ಕಾರ್ಬನ್ ಮೊನಾಕ್ಸೈಡಿನ ಜೊತೆ ಹೈಡ್ರೋಜನ್ ಸಯನೈಡ್ ಅನಿಲವೂ ಹೊಮ್ಮುತ್ತದೆ. ಆದ್ದರಿಂದ ಫೋಮ್ ಗಾದಿಯ ವಿಲೇವಾರಿಯನ್ನು ಕೊಳ್ಳುವ ದಿನವೇ ಯೋಚಿಸಬೇಕು. ಇನ್ನೂ ಬಳಸಬಹುದಾದದ್ದಿದ್ದರೆ ಬೇಕಾದವರಿಗೆ ದಾಟಿಸಬೇಕು. 2023ರ ಮೇ ತಿಂಗಳಲ್ಲಿ ಕೇಂದ್ರ ನಗರ ವ್ಯವಹಾರಗಳ ಸಚಿವಾಲಯದ ಅಭಿಯಾನದಡಿ ದೇಶದ ನಗರಾಡಳಿತಗಳು ಆರ್.ಆರ್.ಆರ್. ಕೇಂದ್ರಗಳನ್ನು ತೆರೆದದ್ದು ಇದಕ್ಕಾಗಿಯೇ. ಬಟ್ಟೆ, ಪುಸ್ತಕ, ಆಟಿಕೆ, ಪಾದರಕ್ಷೆಗಳನ್ನು ಬೇಡವಾದವರು ಇಟ್ಟು ಹೋಗುವ, ಬೇಕಾದವರು ಒಯ್ಯುವ ಜಾಗ ಅದು.

ಬಳಸಿದ ಸಾಮಾನು ಕೈ ದಾಟುವ ವಿಷಯ ಬಂದದ್ದರಿಂದ ಒಂದು ಮಾತು ಇಲ್ಲಿ ಹೇಳಲೇಬೇಕು. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಭಾರತದಲ್ಲಿ ಮೊದಲು ತೀರಿಕೊಂಡವರು ಈ ಊರಿನವರು. ಆ ಬೇಸಿಗೆಯಲ್ಲಿ ಮೋಮಿನಪುರ ನಿರ್ಬಂಧಿತ ಪ್ರದೇಶವಾಗಿ ಅಲ್ಲಿಯ ಜನ ಬಾಗಿಲೊಳಗೆ ಉಳಿದರು. ಕಾಯಿಲೆ ಬಂದವರ ಹಾಸಿಗೆ, ತಟ್ಟೆ, ಬಟ್ಟೆಗಳನ್ನು ಏನು ಮಾಡುವುದು ಎಂಬ ಭಯ ದೇಶದ ಎಲ್ಲ ಮನೆಗಳದ್ದೂ ಆಗಿತ್ತು. ಅದೇ ತಿಂಗಳು ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಆ ವೈರಾಣು ಪ್ಲಾಸ್ಟಿಕ್ ಮತ್ತು ಸ್ಟೀಲಿನ ಮೇಲೆ ಹೆಚ್ಚೆಂದರೆ ಮೂರು ದಿನ, ರಟ್ಟಿನ ಮೇಲೆ ಒಂದು ದಿನ ಉಳಿಯಬಲ್ಲದು ಎಂದು ತೋರಿಸಿತು. ಅಂದರೆ ಅದರ ಅಪಾಯಕ್ಕೆ ಅವಧಿ ಇತ್ತು. ಸೋಪಿನ ನೀರು, ಬಿಸಿಲು, ಕೆಲವು ದಿನಗಳ ಕಾಯುವಿಕೆ ಸಾಕಿತ್ತು. ಮನೆಯಿಂದ ಹೊರಹೋಗುವ ಸಾಮಾನಿನ ಬಗ್ಗೆ ಯೋಚಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಇದೇ: ಇದರ ಅಪಾಯ ತಾನಾಗಿ ಮುಗಿಯುವಂಥದೋ? ರೋಗಾಣು ಸಾಯುತ್ತದೆ. ಅಡುಗೆಮನೆಯ ಸಿಪ್ಪೆ ಕೊಳೆತು ಮಣ್ಣಾಗುತ್ತದೆ. ಪಾದರಸವೂ ಸೀಸವೂ ಮೂಲಧಾತುಗಳು. ಬೆಂಕಿಗೆ ಹಾಕಿದರೂ, ಹೂತಿಟ್ಟರೂ, ನೂರು ವರ್ಷ ಕಾದರೂ ಅವು ಪಾದರಸವಾಗಿ, ಸೀಸವಾಗಿಯೇ ಇರುತ್ತವೆ.

ಟ್ಯೂಬ್‌ಲೈಟು, ಸಿ.ಎಫ್.ಎಲ್. ಬಲ್ಬುಗಳ ಒಳಗಿರುವ ಪಾದರಸ ಕೆಲವೇ ಮಿಲಿಗ್ರಾಂ. ಜ್ವರ ನೋಡುವ ಹಳೆಯ ಗಾಜಿನ ಥರ್ಮಾಮೀಟರಿನಲ್ಲಿ ಅರ್ಧದಿಂದ ಒಂದು ಗ್ರಾಂ, ಅಂದರೆ ನೂರು ಬಲ್ಬುಗಳಿಗೂ ಹೆಚ್ಚು. ಮನೆಯ ಮಾತ್ರೆ ಡಬ್ಬಿಯಲ್ಲಿ ಅದು ಇನ್ನೂ ಇದ್ದರೆ ಎಚ್ಚರ ಬೇಕು. ಒಡೆದಾಗ ಚೆಲ್ಲಿದ ಬೆಳ್ಳಿಬಣ್ಣದ ಗುಂಡುಗಳು ನಮ್ಮ ಕಡೆಯ ಶಹಾಬಾದ ಫರಸಿಯ ಸಂದಿಗಳಲ್ಲಿ ಇಳಿದು ಕೂರುತ್ತವೆ. ಪಾದರಸ ಸಾಧಾರಣ ಉಷ್ಣತೆಯಲ್ಲೇ ಆವಿಯಾಗುವ ಲೋಹ. 20 ಡಿಗ್ರಿ ಸೆಲ್ಸಿಯಸ್ಸಿನಿಂದ 40 ಡಿಗ್ರಿಗೆ ಏರಿದರೆ ಅದರ ಆವಿಯ ಒತ್ತಡ ಸುಮಾರು ಐದು ಪಟ್ಟಾಗುತ್ತದೆ. ಚಳಿ ದೇಶದ ಪುಸ್ತಕದಲ್ಲಿ ಬರೆದ ಎಚ್ಚರಿಕೆಯನ್ನು ಮೇ ತಿಂಗಳ ಕಲಬುರಗಿಯಲ್ಲಿ ಐದು ಪಟ್ಟು ಗಂಭೀರವಾಗಿ ಓದಬೇಕೆಂದಾಯಿತು. ಕಸಬರಿಗೆ ಹಿಡಿಯಬಾರದು, ಗುಂಡು ಇನ್ನಷ್ಟು ಚೂರಾಗಿ ಆವಿಯಾಗುವ ಮೈ ಹೆಚ್ಚುತ್ತದೆ. ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆದು, ಕೈಯ ಬಂಗಾರದ ಬಳೆ ಉಂಗುರ ತೆಗೆದಿಟ್ಟು (ಪಾದರಸ ಚಿನ್ನದೊಡನೆ ಬೆರೆತು ಅದನ್ನು ಕೆಡಿಸುತ್ತದೆ), ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಗಟ್ಟಿ ಕಾಗದದಿಂದ ಗುಂಡುಗಳನ್ನು ಒಟ್ಟುಗೂಡಿಸಿ, ಉಳಿದ ಚೂರುಗಳನ್ನು ಅಂಟುಪಟ್ಟಿಯಿಂದ ಎತ್ತಿ, ಬಿಗಿ ಮುಚ್ಚಳದ ಬಾಟಲಿಯಲ್ಲಿ ಹಾಕಬೇಕು. ಟ್ಯೂಬ್‌ಲೈಟನ್ನು ಒಡೆಯದೆ, ಹೊಸದು ಬಂದ ರಟ್ಟಿನ ಕೊಳವೆಯಲ್ಲೇ ಇಟ್ಟರೆ ಅರ್ಧ ಕೆಲಸ ಮುಗಿದಂತೆ. ಪಾದರಸವನ್ನು ಬಳಕೆಯಿಂದ ಹಿಂದೆಗೆಯುವ ಮಿನಮಾಟಾ ಒಪ್ಪಂದ 2017ರಲ್ಲಿ ಜಾರಿಗೆ ಬಂತು, ಮರುವರ್ಷ ಭಾರತವೂ ಅನುಮೋದಿಸಿತು. ಅಂಗಡಿಗಳಿಂದ ಅದು ಹೋದ ಮೇಲೂ ಅಟ್ಟದ ಮೇಲಿನದು ಅಲ್ಲೇ ಇರುತ್ತದೆ.

ಸೀಸದ ಸಂಗತಿ ಇದಕ್ಕೆ ವಿರುದ್ಧ ದಿಕ್ಕಿನದು. ಇನ್ವರ್ಟರಿನ ಹಳೇ ಬ್ಯಾಟರಿಗೆ ಒಳ್ಳೆಯ ಬೆಲೆ ಇದೆ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಈ ಲೋಹ 327 ಡಿಗ್ರಿಗೇ ಕರಗುತ್ತದೆ. ಕಬ್ಬಿಣ ಕರಗಿಸಲು 1,500 ಡಿಗ್ರಿಯ ಕುಲುಮೆ ಬೇಕು, ಸೀಸಕ್ಕೆ ತೊಗರಿ ಕಟ್ಟಿಗೆಯ ಬೆಂಕಿಯೂ ಸಾಕು. ಈ ಸುಲಭವೇ ಅದರ ಕೇಡು. ಯಾವುದೋ ಬಯಲಿನಲ್ಲಿ ಬ್ಯಾಟರಿ ಒಡೆದು, ಆಮ್ಲವನ್ನು ನೆಲಕ್ಕೆ ಸುರಿದು, ಬಾಣಲೆಯಲ್ಲಿ ಸೀಸ ಕರಗಿಸುವವರ ಬಟ್ಟೆಯ ಮೇಲೆ ಅದರ ಪುಡಿ ಕುಳಿತು ಮನೆಗೆ ಬರುತ್ತದೆ. ನಮ್ಮ ದೇಹ ಅದನ್ನು ಕ್ಯಾಲ್ಸಿಯಂ ಎಂದು ಭ್ರಮಿಸಿ ಒಳಗೆ ಬಿಟ್ಟುಕೊಳ್ಳುತ್ತದೆ, ಮೂಳೆಯಲ್ಲಿ ದಶಕಗಳ ಕಾಲ ಇಟ್ಟುಕೊಳ್ಳುತ್ತದೆ. ಬೆಳೆಯುವ ಮಕ್ಕಳು ನುಂಗಿದ ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತಾರೆ, ಪೆಟ್ಟು ಬೀಳುವುದು ಮಿದುಳಿಗೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಹೊರತಂದ ವರದಿ ಜಗತ್ತಿನ ಪ್ರತಿ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಕಳವಳಪಡುವಷ್ಟು ಸೀಸ ಇದೆ ಎಂದು ಅಂದಾಜಿಸಿತು. ಸರಿಯಾಗಿ ಕಟ್ಟಿದ ಕಾರ್ಖಾನೆಯಲ್ಲಿ ಇದೇ ಬ್ಯಾಟರಿಯ ಸೀಸವನ್ನು ಹೆಚ್ಚುಕಡಿಮೆ ಪೂರ್ತಿ ಮರಳಿ ಪಡೆಯಬಹುದು. ಆದ್ದರಿಂದ ಹಳೆಯ ಬ್ಯಾಟರಿಯನ್ನು ಹೊಸದನ್ನು ಮಾರುವ ಅಂಗಡಿಗೇ ಕೊಡಿ. ಅದನ್ನು ಹಿಂಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಬಯಲಿನವನು ನೂರು ರೂಪಾಯಿ ಹೆಚ್ಚು ಕೊಡಬಹುದು. ಆ ನೂರು ರೂಪಾಯಿ ಯಾವುದೋ ಕೂಸಿನ ರಕ್ತದಿಂದ ಬರುತ್ತದೆ.

ಬೆಲೆಯೇ ದಾರಿ ತಪ್ಪಿಸುವ ಇನ್ನೊಂದು ವಸ್ತು ವೈರು. ಒಳಗಿನ ತಾಮ್ರಕ್ಕಾಗಿ ಮೇಲಿನ ಪಿ.ವಿ.ಸಿ. ಸಿಪ್ಪೆಯನ್ನು ಸುಡುತ್ತಾರೆ. ಪಿ.ವಿ.ಸಿ.ಯಲ್ಲಿ ಕ್ಲೋರಿನ್ ಇದೆ, ಹೊಗೆಯಲ್ಲಿ ಇಂಗಾಲ ಇದೆ, ಮತ್ತು ಅವೆರಡನ್ನು ಬೆಸೆದು ಡಯಾಕ್ಸಿನ್ ಕಟ್ಟಲು ಬೇಕಾದ ಪ್ರೇರಕವಾಗಿ ಆ ತಾಮ್ರವೇ ಕೆಲಸ ಮಾಡುತ್ತದೆ. ಹೊಗೆ 400 ಡಿಗ್ರಿಯಿಂದ 200ರ ಕಡೆಗೆ ತಣಿಯುತ್ತ ಬರುವ ಹಾದಿಯಲ್ಲಿ ಈ ಬೆಸುಗೆ ಚುರುಕು. ಕ್ಯಾನ್ಸರ್ ತರಬಲ್ಲ ರಾಸಾಯನಿಕವೊಂದನ್ನು ತಯಾರಿಸಬೇಕೆಂದು ಯಾರಾದರೂ ಕುಳಿತು ಯೋಜಿಸಿದ್ದರೂ ಇದಕ್ಕಿಂತ ಸರಿಯಾದ ಸಾಮಗ್ರಿಗಳು ಒಂದೇ ಕಡೆ ಸಿಗುತ್ತಿರಲಿಲ್ಲ. ಸಿಪ್ಪೆಯನ್ನು ಚಾಕುವಿನಿಂದ ಸುಲಿದರೆ ಇದೊಂದೂ ಇಲ್ಲ.

ಫ್ರಿಜ್ಜಿನಲ್ಲಿ ಗುಜರಿಯವನ ಕಣ್ಣು ಕಂಪ್ರೆಸರಿನ ಮೇಲೆ. ಕೊಳವೆ ಕತ್ತರಿಸಿ ಅದನ್ನು ತೆಗೆದ ಕ್ಷಣವೇ ಒಳಗಿನ ನೂರು ಗ್ರಾಂ ಆಸುಪಾಸಿನ ಅನಿಲ ಬುಸ್ಸೆಂದು ಹಾರಿಹೋಗುತ್ತದೆ. ತೊಂಬತ್ತರ ದಶಕದ ಫ್ರಿಜ್ಜಾದರೆ ಅದು ಓಝೋನ್ ಪದರವನ್ನು ಕೊರೆಯುವ ಸಿ.ಎಫ್.ಸಿ., ಆ ನೂರು ಗ್ರಾಂ ಭೂಮಿಯನ್ನು ಬಿಸಿ ಮಾಡುವ ಲೆಕ್ಕದಲ್ಲಿ ಸುಮಾರು ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಆಮೇಲಿನ ಆರ್-134ಎ ಅನಿಲವಾದರೆ ಸುಮಾರು 140 ಕಿಲೋ. ಅನಿಲವನ್ನು ಸಿಲಿಂಡರಿಗೆ ಹಿಂದೆಳೆದುಕೊಂಡು ನಂತರ ಬಿಚ್ಚುವವರಿಗೆ, ಅಂದರೆ ನೋಂದಾಯಿತ ಇ-ತ್ಯಾಜ್ಯ ಘಟಕಕ್ಕೆ ಅದು ಹೋಗಬೇಕು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಫ್ರಿಜ್ಜು, ಟಿ.ವಿ., ಮೊಬೈಲು ಸೇರಿ 106 ಬಗೆಯ ಉಪಕರಣಗಳಿವೆ. ಕರ್ನಾಟಕ ಈ ವಿಷಯದಲ್ಲಿ ಮುಂದಿತ್ತು. 2005ರಲ್ಲಿ ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿ ಶುರುವಾದ ಇ-ಪರಿಸರ ಘಟಕ ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಮರುಬಳಕೆ ಘಟಕಗಳಲ್ಲಿ ಒಂದು. ಹಳೇ ಮೊಬೈಲನ್ನು ಡ್ರಾಯರಿನಲ್ಲಿ ಕೂಡಿಹಾಕುವವರಿಗೆ ಒಂದು ಹೋಲಿಕೆ: ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಒಂದು ಟನ್ ಅದಿರು ಅರೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ, ಒಂದು ಟನ್ ಮೊಬೈಲುಗಳಲ್ಲಿ 200 ಗ್ರಾಂಗೂ ಹೆಚ್ಚು ಇದೆ. ಹಾಗಿದ್ದೂ 2022ರಲ್ಲಿ ಜಗತ್ತು ಹೊರಹಾಕಿದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಲೆಕ್ಕಕ್ಕೆ ಸಿಕ್ಕು ಮರುಬಳಕೆಯಾದದ್ದು ಶೇಕಡಾ 22.3.

ಮೊಬೈಲಿನ ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ತುದಿಗಳಿಗೆ ಟೇಪು ಅಂಟಿಸಿ ಬೇರೆ ಇಡಬೇಕು. ಆಟಿಕೆಯ ಗುಂಡಿ ಸೆಲ್ಲನ್ನು ಕಂಡ ಕೂಡಲೇ ಎರಡೂ ಬದಿಗೆ ಟೇಪು ಸುತ್ತಬೇಕು. ಕೂಸು ನುಂಗಿದರೆ ಎರಡೇ ತಾಸಿನಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಮುಚ್ಚಳ ಬಿಗಿದು ಕೊಡಬೇಕು, ಏಕೆಂದರೆ ಬೆಳಗಿನ ಕಸದಲ್ಲಿ ಕೈ ಹಾಕುವವರು ಪೌರಕಾರ್ಮಿಕರು. ಉಳಿದ ಆ್ಯಂಟಿಬಯೋಟಿಕ್ ಸಿರಪ್ಪನ್ನು ಮೋರಿಗೆ ಸುರಿಯಬೇಡಿ. ಅಲ್ಲಿನ ಬ್ಯಾಕ್ಟೀರಿಯಾಗಳು ಆ ಔಷಧಿಯನ್ನು ಸಹಿಸಿಕೊಳ್ಳಲು ಕಲಿಯುತ್ತವೆ.

ಹರಿದ ಚಪ್ಪಲಿ, ಕೌದಿಗೂ ಬಾರದ ಚಿಂದಿ, ಪದರ ಪ್ಲಾಸ್ಟಿಕ್ಕಿನ ಕುರುಕಲು ತಿಂಡಿ ಚೀಲ, ಆ ಫೋಮ್ ದಿಂಬು ಉಳಿದವು. ಇವಕ್ಕೆ ಮರುಬಳಕೆಯ ದಾರಿ ಇಲ್ಲ. ಆದರೆ ಕಲಬುರಗಿ ಸುಣ್ಣದಕಲ್ಲಿನ ನಾಡು. ವಾಡಿ, ಶಹಾಬಾದ, ಮಳಖೇಡ, ಸೇಡಂ ಸುತ್ತ ಸಿಮೆಂಟ್ ಗೂಡುಗಳಿವೆ. ಅವುಗಳೊಳಗೆ ಸುಣ್ಣದಕಲ್ಲು 1,450 ಡಿಗ್ರಿಗೆ ಬೇಯುತ್ತದೆ, ಜ್ವಾಲೆ 2,000 ಡಿಗ್ರಿ ಮುಟ್ಟುತ್ತದೆ. ಇಷ್ಟು ಶಾಖದಲ್ಲಿ ಸಂಕೀರ್ಣ ಅಣುಗಳು ಬಿಡಿಬಿಡಿಯಾಗುತ್ತವೆ, ಆಮ್ಲೀಯ ಅನಿಲವನ್ನು ಸುಣ್ಣವೇ ಹೀರುತ್ತದೆ, ಬೂದಿ ಸಿಮೆಂಟಿನೊಳಗೆ ಸೇರುತ್ತದೆ. ಕಿಲೋಗೆ 1,500 ಕಿಲೋಕ್ಯಾಲೊರಿಗಿಂತ ಹೆಚ್ಚು ಶಾಖ ಕೊಡುವ, ಮರುಬಳಕೆಯಾಗದ ಕಸವನ್ನು ನೆಲದಲ್ಲಿ ಹೂಳಬಾರದು ಎಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಅಂಥ ಇಂಧನ ತಯಾರಿಸುವ ಘಟಕದ ನೂರು ಕಿಲೋಮೀಟರ್ ಒಳಗಿನ ಕಾರ್ಖಾನೆಗಳು ತಮ್ಮ ಇಂಧನದಲ್ಲಿ ಕನಿಷ್ಠ ಶೇಕಡಾ 5ರಷ್ಟನ್ನು ಅದರಿಂದ ತುಂಬಿಕೊಳ್ಳಬೇಕೆಂದೂ ಹೇಳಿದವು. ವಾಡಿ ಇಲ್ಲಿಂದ ಐವತ್ತು ಕಿಲೋಮೀಟರೂ ಇಲ್ಲ. ಬೇರೆ ಜಿಲ್ಲೆಗಳು ಲಾರಿ ಬಾಡಿಗೆ ತೆತ್ತು ಹುಡುಕಬೇಕಾದ ಗೂಡು ನಮ್ಮ ಹಿತ್ತಲಲ್ಲೇ ಇದೆ.

ಆದರೆ ಆ ಗೂಡಿಗೂ ಒಲ್ಲದ ಪದಾರ್ಥಗಳಿವೆ. ಪಿ.ವಿ.ಸಿ.ಯ ಕ್ಲೋರಿನ್ ಹೆಚ್ಚಾದರೆ ಗೂಡಿನ ಗೋಡೆಗೆ ಲವಣಗಳು ಕಟ್ಟಿಕೊಳ್ಳುತ್ತವೆ. ಪಾದರಸ ಆ ಶಾಖದಲ್ಲಿ ಆವಿಯಾಗಿ ಚಿಮಣಿಯತ್ತ ಹೊರಡುತ್ತದೆ. ಹಾಗಾಗಿ ಒಣ ಕಸದ ಚೀಲಕ್ಕೆ ಟ್ಯೂಬ್‌ಲೈಟು, ಥರ್ಮಾಮೀಟರು, ಸೆಲ್ಲುಗಳು ಸೇರಲೇಬಾರದು. ಪಾದರಸ ತುಂಬಿದ, ಬಿಗಿ ಮುಚ್ಚಳದ ಆ ಬಾಟಲಿಯನ್ನು ಎಲ್ಲಿಗೆ ಒಯ್ಯುವುದು? ಮನೆಗಳ ಅಪಾಯಕಾರಿ ತ್ಯಾಜ್ಯವನ್ನು ಜನ ತಂದೊಪ್ಪಿಸಲು ಪ್ರತಿ 20 ಚದರ ಕಿಲೋಮೀಟರಿಗೆ ಅಥವಾ ಅದರ ಭಾಗಕ್ಕೆ ಒಂದು ಕೇಂದ್ರ ತೆರೆದು, ಅದರ ವೇಳೆಯನ್ನು ಸಾರಬೇಕೆಂಬ ಕೆಲಸವನ್ನು ಅದೇ ನಿಯಮಗಳು ನಗರಾಡಳಿತಕ್ಕೆ ವಹಿಸಿದವು. ಕಲಬುರಗಿ ನಗರದ ವಿಸ್ತೀರ್ಣ ಸುಮಾರು 64 ಚದರ ಕಿಲೋಮೀಟರ್. ಆ ಲೆಕ್ಕಕ್ಕೆ ನಾಲ್ಕು ಕೇಂದ್ರಗಳಾಗುತ್ತವೆ. ಮುಂದಿನ ಸಲ ವಾರ್ಡಿನ ಸದಸ್ಯರು ಓಣಿಗೆ ಬಂದಾಗ ನೀರು, ರಸ್ತೆಯ ಜೊತೆಗೆ ಇದನ್ನೂ ಕೇಳಿ: ನಮ್ಮ ಭಾಗದ ಕೇಂದ್ರ ಎಲ್ಲಿದೆ, ಎಷ್ಟು ಗಂಟೆಗೆ ತೆರೆಯುತ್ತದೆ?